ಕಹಿ ಎನ್ನದ ಗಲ್ಲಿ

ಆ ಕಾಗದದ ರುಚಿ ಇವತ್ತಿಗೂ ನನ್ನ ನಾಲಿಗೆಯ ಮೇಲಿದೆ ಎಂದು ಬರೆದು ಹೊಡೆದು ಹಾಕಿದೆ. ಸುಳ್ಳು. ರುಚಿ ಅಷ್ಟು ವರ್ಷ ಯಾರ ನಾಲಿಗೆಯ ಮೇಲೂ ಇರುವುದಿಲ್ಲ. ನನಗೆ ನೆನಪಿರುವುದು ಕಹಿಯಲ್ಲ, ಮುಖ ಕಿವುಚಿದ ನನ್ನನ್ನು ನೋಡಿ ಪಕ್ಕದಲ್ಲಿ ಕೂತಿದ್ದ ಗೆಳತಿ ನಕ್ಕ ರೀತಿ. ಅವಳ ಬಾಯಲ್ಲೂ ಅದೇ ಕಾಗದದ ಚೂರಿತ್ತು. ಅವಳು ಅದನ್ನು ಅಡಕೆಯ ಹಾಗೆ ಆರಾಮವಾಗಿ ಅಗಿಯುತ್ತಿದ್ದಳು.

ಎಪ್ಪತ್ತರ ದಶಕದ ನಡುವಿನ ವರ್ಷಗಳು. ಕಾಶಿಯಲ್ಲಿ ನಾನು ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಆಗಲೂ ಡೈರಿ ಬರೆಯುತ್ತಿದ್ದೆ, ಆದರೆ ಅದನ್ನು ನಂಬಿ ಈ ಕತೆ ಹೇಳಲಾರೆ. ಕಾಗದ ಅಗಿದ ದಿನದ ಪುಟದಲ್ಲಿ ಇರುವುದು ಸೋನಾರ್‌ಪುರದಲ್ಲಿ ರಿಕ್ಷಾದವನ ಜೊತೆ ನಾನು ಆಡಿದ ಜಗಳ ಮಾತ್ರ. ಬದುಕು ತಿರುಗಿದ ದಿನ ಅದು ಎಂದು ನನಗಾಗಲಿ ಡೈರಿಗಾಗಲಿ ಗೊತ್ತಿರಲಿಲ್ಲ.

ನಮ್ಮ ಪ್ರೊಫೆಸರು ತರಗತಿಗೆಲ್ಲ ಒಂದೊಂದು ಚೂರು ಕಾಗದ ಹಂಚಿದ್ದರು. ಅದಕ್ಕೆ ಒಂದು ರಾಸಾಯನಿಕವನ್ನು ತೀರಾ ತೆಳುವಾಗಿ ಸವರಿತ್ತು. ಕೆಲವರಿಗೆ ಅದು ತಡೆಯಲಾರದ ಕಹಿ, ಕೆಲವರಿಗೆ ಬರೀ ಕಾಗದ. ಹೆಚ್ಚುಕಡಿಮೆ ಒಂದೇ ಒಂದು ಜೀನಿನ ಆಟ ಅದು. ಪ್ರತಿಯೊಬ್ಬರಲ್ಲೂ ಆ ಜೀನಿನ ಎರಡು ಪ್ರತಿಗಳು, ತಾಯಿಯಿಂದ ಒಂದು, ತಂದೆಯಿಂದ ಒಂದು. ಎರಡರಲ್ಲಿ ಒಂದಕ್ಕೆ ಕಹಿ ತಿಳಿದರೂ ಸಾಕು, ಮನುಷ್ಯನಿಗೆ ತಿಳಿಯುತ್ತದೆ. ತಿಳಿಯದವರಲ್ಲಿ ಎರಡೂ ಪ್ರತಿ ಮೂಕ. ಹಾಗೆಂದು ನಾನು ಹೆಸರಿಟ್ಟೆ, ಮೂಕ ಜೀನು. ಪ್ರೊಫೆಸರೂ ಅದನ್ನೇ ಹಿಡಿದುಕೊಂಡರು.

"ಒಂದು ಊರಿನಲ್ಲಿ ನಾಲ್ವರಲ್ಲಿ ಒಬ್ಬರಿಗೆ ಕಹಿ ತಿಳಿಯೋದಿಲ್ಲ ಅಂತ ಇಟ್ಟುಕೊಳ್ಳಿ," ಎಂದರು ಪ್ರೊಫೆಸರು. "ಆ ಒಬ್ಬರಿಗೆ ಎರಡೂ ಕಡೆಯಿಂದ ಮೂಕ ಪ್ರತಿ ಬಂದಿರಬೇಕು. ಅರ್ಧದಲ್ಲಿ ಅರ್ಧ ಕಾಲು. ಹಾಗಾದರೆ ಆ ಊರಿನ ಜೀನುಗಳಲ್ಲಿ ಎಷ್ಟು ಪಾಲು ಮೂಕ?"

"ಅರ್ಧ," ಎಂದೆ ನಾನು. ಹೇಳಿದ ಮೇಲೆ ಮೈ ಜುಮ್ಮೆಂದಿತು. ಕಣ್ಣಿಗೆ ಕಾಣುವ ನಾಲ್ಕು ಜನರನ್ನು ಎಣಿಸಿ ಯಾರ ಕಣ್ಣಿಗೂ ಕಾಣದ ಒಂದು ವಸ್ತುವನ್ನು ಅಳೆದುಬಿಟ್ಟಿದ್ದೆವು.

"ಆದರೆ ಇದು ಜನ ಸಂಬಂಧ ನೋಡದೆ ಮದುವೆಯಾಗುವ ಕಡೆ ಮಾತ್ರ ನಡೆಯುವ ಲೆಕ್ಕ," ಎಂದು ಪ್ರೊಫೆಸರು ನನ್ನತ್ತ ತಿರುಗಿದರು. "ನಿಮ್ಮ ದಕ್ಷಿಣದಲ್ಲಿ ಸೋದರಮಾವನನ್ನೇ ಮದುವೆಯಾಗುತ್ತಾರಂತಲ್ಲ?"

"ನಮ್ಮ ಅಮ್ಮನೇ ಆಗಿದ್ದಾರೆ ಸರ್."

ಇಡೀ ತರಗತಿ ನನ್ನ ಕಡೆ ತಿರುಗಿತು. ಗೆಳತಿ ಗಂಗೆಯಾಚೆಯ ರಾಮನಗರದವಳು, ದಿನವೂ ದೋಣಿಗಳ ಮೇಲೆ ಹಲಗೆ ಹಾಸಿದ ಸೇತುವೆ ದಾಟಿ ಬರುತ್ತಿದ್ದಳು. ಅವರ ಕಡೆ ನೆಂಟರೊಳಗೆ ಮದುವೆ ಎಂದರೆ ಕಿವಿ ಮುಚ್ಚಿಕೊಳ್ಳುವಂಥ ವಿಷಯ.

"ಹಾಯ್ ರಾಮ್! ನಿನ್ನ ಅಪ್ಪ ನಿನ್ನ ಅಮ್ಮನಿಗೆ ಮಾಮಾನಾ? ಹಾಗಾದರೆ ನಿನಗೆ ಏನಾಗಬೇಕು?"

"ನನಗೆ ಅಪ್ಪ."

ಪ್ರೊಫೆಸರು ನಗಲಿಲ್ಲ. ತರಗತಿ ಮುಗಿದ ಮೇಲೆ ನನ್ನನ್ನು ಕರೆದರು. ಹತ್ತಿರದ ನೆಂಟರು ಮದುವೆಯಾದರೆ ಒಂದೇ ಮನೆಯ ಮೂಕ ಜೀನು ಎರಡು ದಾರಿಯಿಂದ ಬಂದು ಒಂದೇ ಮಗುವಿನಲ್ಲಿ ಸೇರುವ ಸಂಭವ ಹೆಚ್ಚು. ಕಾಶಿಯ ಕನ್ನಡದ ಮನೆಗಳಲ್ಲಿ ಅದು ಕಾಣಿಸುತ್ತದೆಯೋ ನೋಡು ಎಂದರು. ಆ ವರ್ಷ ಅವರ ಪ್ರಯೋಗಾಲಯದಲ್ಲಿ ಸಂಶೋಧನೆಗೆ ಒಂದೇ ಜಾಗ ಖಾಲಿಯಿತ್ತು. "ಸೀಸೆಯಲ್ಲಿ ಹಣ್ಣಿನ ನೊಣ ಸಾಕಿ ಎಣಿಸುವವರು ನನ್ನಲ್ಲಿ ಬೇಕಾದಷ್ಟಿದ್ದಾರೆ. ನಿನ್ನ ಪ್ರಬಂಧ ಹೊರಗಿನ ಪರೀಕ್ಷಕರ ಮುಂದೆ ನಿಂತರೆ ಜಾಗ ನಿನ್ನದು." ಅದಕ್ಕಿಂತ ಹೆಚ್ಚಿಗೆ ನಾನು ಈ ಲೋಕದಲ್ಲಿ ಬಯಸಿದ್ದು ಏನೂ ಇರಲಿಲ್ಲ. ಇದು ಮಾತ್ರ ನೆನಪಿನ ಉತ್ಪ್ರೇಕ್ಷೆಯಲ್ಲ.

ನಮ್ಮ ಮನೆ ದಕ್ಷಿಣದ ಘಾಟುಗಳ ಹಿಂದಿನ ಒಂದು ಗಲ್ಲಿಯಲ್ಲಿತ್ತು. ಕೆಳಗೆ ಯಾತ್ರಿಕರು ಇಳಿದುಕೊಳ್ಳುವ ಹಜಾರ, ನಡುವೆ ನಾವು, ಮೇಲಿನ ಕೋಣೆಗಳಲ್ಲಿ ಕಾಶಿವಾಸಕ್ಕೆಂದು ಬಂದ ವಿಧವೆಯರು. ಅಪ್ಪ ನಮ್ಮ ಕಡೆಯಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ಪಿಂಡಪ್ರದಾನ ಮಾಡಿಸುತ್ತಿದ್ದರು, ಅವರ ಅಪ್ಪನೂ ಅದನ್ನೇ ಮಾಡಿಸಿದ್ದರು. ಮೇಲಿನ ಹಿರಿಯರಲ್ಲಿ ಬಾಗಲಕೋಟೆ ಕಡೆಯ ಅಜ್ಜಿಯೊಬ್ಬರಿದ್ದರು. ಅವರ ಮಾತಿಗೆ ಇಡೀ ಮಹಡಿ ಹೆದರುತ್ತಿತ್ತು. ನಾನು ಮೊದಲು ಅವರಲ್ಲಿಗೇ ಹೋದೆ, ಸಂಜೆ, ಅವರು ಮಡಿ ಬಿಟ್ಟ ಮೇಲೆ.

"ಇದಕ್ಕ ಏನ ಹಚ್ಚೀಯವಾ ತಂಗಿ? ತತ್ತಿ ಗಿತ್ತಿ ಏನೂ ಇಲ್ಲಲಾ?"

"ಇಲ್ಲ ಅಜ್ಜಿ, ಔಷಧಿ. ಬಾಯಲ್ಲಿಟ್ಟು ಉಗುಳಿಬಿಡಿ."

ಅಜ್ಜಿ ಬಾಯಲ್ಲಿಟ್ಟುಕೊಂಡರು. ಮುಖದಲ್ಲಿ ಒಂದು ಗೆರೆ ಅಲ್ಲಾಡಲಿಲ್ಲ.

"ಹೇಗಿದೆ?"

"ಹೆಂಗಿರ್ತದ? ಕಾಗದ ಇದ್ದಂಗದ."

"ಕಹಿ?"

"ಏನಿಲ್ಲವಾ."

ಅಪ್ಪ ತೀರ್ಥ ತೆಗೆದುಕೊಳ್ಳುವಂತೆ ಕಣ್ಣು ಮುಚ್ಚಿ ತೆಗೆದುಕೊಂಡು, "ಆಯ್ತು," ಎಂದರು. ಏನಾಯ್ತು ಎಂದು ಕೇಳಿದರೆ, "ಏನಿಲ್ಲಮ್ಮ, ಹಾಗೇ ಬರ್ಕೋ." ಅಮ್ಮ ಒಲೆಯ ಮುಂದಿನಿಂದಲೇ ಬಾಯಿ ತೆರೆದು, ಅಗಿದು, ಏನೂ ಇಲ್ಲ ಎಂದು ತಲೆಯಾಡಿಸಿದಳು. ವಿಶ್ವನಾಥ ಗಲ್ಲಿಯ ಪುರೋಹಿತರ ಮನೆಗಳಿಗೂ ಹೋದೆ. ದೊಡ್ಡವರೆಲ್ಲ ಸಮಾಧಾನವಾಗಿ ಅಗಿದರು. ಅವರ ಮಕ್ಕಳು ಮಾತ್ರ ಮನೆಯಲ್ಲೂ ಹಿಂದಿಯಲ್ಲೇ ಕಿರುಚುವವರು. "ಛೀ, ಕಡ್ವಾ ಹೈ ದೀದೀ!" ಎಂದು ನಲ್ಲಿಯ ಕಡೆ ಓಡಿದರು.

ಪಟ್ಟಿ ತಯಾರಾದಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ದೊಡ್ಡವರಲ್ಲಿ ಬಹುಪಾಲು ಕಹಿ ತಿಳಿಯದವರು. ಯಾವ ಪುಸ್ತಕದಲ್ಲೂ ಯಾವ ಜನರಲ್ಲೂ ಇಷ್ಟು ಮಂದಿ ಇರುವುದನ್ನು ನಾನು ಓದಿರಲಿಲ್ಲ. ಸೋದರಮಾವಂದಿರು ಎಷ್ಟೋ ತಲೆಮಾರುಗಳಿಂದ ಮಾಡಿದ ಕೆಲಸ ನನ್ನ ಕೋಷ್ಟಕದಲ್ಲಿ ಬೆಳಗುತ್ತಿದೆ ಎಂದುಕೊಂಡೆ. ಪ್ರಬಂಧದ ಕರಡಿನಲ್ಲಿ ಬರೆದ ವಾಕ್ಯಗಳು ಈಗ ನೆನಪಿಲ್ಲ ಎನ್ನುವುದು ನನ್ನ ಪುಣ್ಯ. ತುಂಬಾ ಉದ್ದವಾಗಿದ್ದವು ಎಂಬುದಷ್ಟು ಗೊತ್ತು.

ಪ್ರೊಫೆಸರು ಬಹಳ ಹೊತ್ತು ಪಟ್ಟಿ ನೋಡಿದರು. ನೆಂಟಸ್ತಿಕೆಯ ಮದುವೆ ಇಷ್ಟನ್ನು ಮಾಡಲಾರದು ಎಂದರು. ಆಮೇಲೆ ಒಂದು ಮನೆಯ ಸಾಲಿನ ಮೇಲೆ ಬೆರಳಿಟ್ಟರು.

"ಇಲ್ಲಿ ತಂದೆಗೂ ಕಹಿ ತಿಳಿಯದು, ತಾಯಿಗೂ ತಿಳಿಯದು. ಅಂದರೆ ಇಬ್ಬರಲ್ಲೂ ಎರಡೂ ಪ್ರತಿ ಮೂಕ. ಮೂರು ಮಕ್ಕಳೂ ಕಹಿ ಅಂತಾರೆ. ಇವರಿಗೆ ಅದು ಎಲ್ಲಿಂದ ಬಂತು?"

ಅವರ ಬೆರಳು ಕೆಳಗಿನ ಸಾಲಿಗೆ ಸರಿಯಿತು.

"ಈ ಮನೆಯಲ್ಲೂ ಹಾಗೇ. ಮತ್ತೆ ಇದು? ಅಪ್ಪ, ಅಮ್ಮ ಇಬ್ಬರೂ ಇಲ್ಲ ಅಂದಿದ್ದಾರೆ. ಮಗಳು ಕಹಿ ಅಂದಿದ್ದಾಳೆ."

"ಅದು ನಮ್ಮ ಮನೆ ಸರ್."

ಅವರು ಕನ್ನಡಕ ತೆಗೆದರು. "ನಿನ್ನ ಗಲ್ಲಿಯ ಹಿರಿಯರ ನಾಲಿಗೆ ವಯಸ್ಸಿನಿಂದ ಮಂದವಾಗಿರಬೇಕು. ಇಲ್ಲವೇ ಯಾರೋ ಮನೆಯಲ್ಲಿ ಕೂತು ಈ ಪಟ್ಟಿ ತುಂಬಿಸಿರಬೇಕು." ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅತ್ತುಬಿಡಬಹುದಿತ್ತು. "ಬೇಸಿಗೆಯ ಬಿಸಿಗಾಳಿ ಲೂ ಬೀಸುವ ಹೊತ್ತಿಗೆ ಪರೀಕ್ಷಕರು ಬರುತ್ತಾರೆ. ಅಷ್ಟರೊಳಗೆ ಕಾರಣ ಹುಡುಕು. ಆಗದಿದ್ದರೆ ಪಟ್ಟಿ ತೆಗೆದುಹಾಕಿ ನೊಣದ ಸೀಸೆ ತೆಗೆದುಕೋ. ಪಾಸಾಗುತ್ತೀ. ಜಾಗ ಬೇರೆಯವರಿಗೆ ಹೋಗುತ್ತದೆ."

ಹೊರಗೆ ಗೆಳತಿ ಕಾಯುತ್ತಿದ್ದಳು. ವಿಷಯ ಕೇಳಿ ಒಂದು ಕ್ಷಣ ಯೋಚಿಸಿದಳು.

"ಅರೇ, ಸುಲಭ. ಯಾರೋ ಯಾತ್ರಿಕರು ನಿನ್ನನ್ನು ಘಾಟಿನಲ್ಲಿ ಮರೆತು ಹೋಗಿದ್ದಾರೆ. ಪಂಡಿತ್‌ಜಿ ಎತ್ತಿಕೊಂಡು ಬಂದಿದ್ದಾರೆ. ಕೊಡೆ, ಚಪ್ಪಲಿ ಎಲ್ಲ ಮರೆತು ಹೋಗೋದಿಲ್ಲವಾ, ಹಾಗೆ."

ನಾನೂ ನಕ್ಕೆ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಕನ್ನಡಿ ನೋಡಿದೆ. ಅಪ್ಪನ ಮೂಗು ಅಲ್ಲೇ ಇತ್ತು, ಇಡೀ ಗಲ್ಲಿಗೆ ಗೊತ್ತಿರುವ ಮೂಗು. ಅದನ್ನು ಪ್ರಬಂಧದಲ್ಲಿ ಸೇರಿಸುವಂತಿರಲಿಲ್ಲ.

ಅದೇ ವಾರಗಳಲ್ಲಿ ಪ್ರೊಫೆಸರು ಜೀನಿನ ಪ್ರತಿಲೇಖನದ ಪಾಠ ಮಾಡುತ್ತಿದ್ದರು. ಮೈಯ ಒಂದೊಂದು ಜೀವಕೋಶದಲ್ಲೂ ಹೆಚ್ಚುಕಡಿಮೆ ಪೂರ್ತಿ ಡಿಎನ್‌ಎ ಇರುತ್ತದೆ. ಆದರೆ ಕೋಶ ತನಗೆ ಬೇಕಾದ ಭಾಗವನ್ನಷ್ಟೇ ಆರ್‌ಎನ್‌ಎಯಾಗಿ ನಕಲು ಮಾಡಿಕೊಳ್ಳುತ್ತದೆ, ಆ ನಕಲು ನೋಡಿ ಪ್ರೋಟೀನು ಕಟ್ಟುತ್ತದೆ. ಉಳಿದದ್ದು ಅಲ್ಲೇ ಇರುತ್ತದೆ, ಓದುವವರಿಲ್ಲ. ರುಚಿಯ ಜೀನು ಕಾಲ್ಬೆರಳಿನಲ್ಲೂ ಇದೆ, ಆದರೆ ಕಾಲ್ಬೆರಳಿಗೆ ರುಚಿ ತಿಳಿಯುವುದಿಲ್ಲ. ಇದು ನನ್ನ ತಲೆಗೆ ಹತ್ತುತ್ತಲೇ ಇರಲಿಲ್ಲ. ಓದದೇ ಇರುವುದನ್ನು ಕೋಶ ಏಕೆ ಇಟ್ಟುಕೊಂಡಿರುತ್ತದೆ?

ಒಂದು ಬೆಳಿಗ್ಗೆ ಕೆಳಗೆ ಅಪ್ಪ ಯಾತ್ರಿಕರೊಬ್ಬರ ತಾಯಿಯ ಶ್ರಾದ್ಧ ಮಾಡಿಸುತ್ತಿದ್ದರು. ನಾನು ಮೆಟ್ಟಿಲ ಮೇಲೆ ಪುಸ್ತಕ ಹಿಡಿದು ಕೂತಿದ್ದೆ. ಅಪ್ಪನಿಗೆ ಮದುವೆಯ ಮಂತ್ರ ಬಾಯಿಪಾಠ, ಮುಂಜಿಯದು, ಗೃಹಪ್ರವೇಶದ್ದು, ನಾಮಕರಣದ್ದೂ ಬಾಯಿಪಾಠ. ಆದರೆ ಆ ಹೊತ್ತಿಗೆ ಬಾಯಿಂದ ಬರುತ್ತಿದ್ದದ್ದು ಶ್ರಾದ್ಧದ್ದು ಮಾತ್ರ. ಕೇಳುತ್ತ ಕೂತ ಯಾತ್ರಿಕ, ಈ ಪುರೋಹಿತರಿಗೆ ಮದುವೆ ಮಾಡಿಸಲು ಬರುವುದಿಲ್ಲ ಎಂದು ತೀರ್ಮಾನಿಸಿದರೆ ಹೇಗೆ? ಹೇಳದಿರುವುದಕ್ಕೂ ಇಲ್ಲದಿರುವುದಕ್ಕೂ ಎಷ್ಟು ದೂರ! ಈ ಹೋಲಿಕೆಯನ್ನು ನಾನು ಮುಂದೆ ಎಷ್ಟೋ ವರ್ಷ ವಿದ್ಯಾರ್ಥಿಗಳಿಗೆ ಹೇಳಿದ್ದೇನೆ. ಹೇಳಿ ಹೇಳಿ ಅದು ನಿಜವಾಗಿ ಆ ಮೆಟ್ಟಿಲ ಮೇಲೆ ಹೊಳೆಯಿತೋ, ಆಮೇಲೆ ಯಾವುದೋ ತರಗತಿಯಲ್ಲಿ ಹೊಳೆದದ್ದನ್ನು ಮೆಟ್ಟಿಲ ಮೇಲೆ ತಂದಿಟ್ಟೆನೋ, ಈಗ ಬೇರ್ಪಡಿಸಲಾರೆ. ಪಾಠ ಅರ್ಥವಾದದ್ದಂತೂ ಆ ಚಳಿಗಾಲದ ಕೊನೆಯಲ್ಲಿ.

ಆದರೆ ಪಟ್ಟಿಯ ಒಗಟು ಒಡೆದದ್ದು ಅದರಿಂದಲ್ಲ. ಒಂದು ಚೂರು ಬೆಲ್ಲದಿಂದ.

ನಾಲಿಗೆ ಮಂದವಾಗಿದೆಯೇ ಎಂದು ಮತ್ತೊಮ್ಮೆ ನೋಡಲು ಸ್ವಲ್ಪ ಗಾಢವಾಗಿ ಸವರಿದ ಕಾಗದ ಹಿಡಿದು ಅಜ್ಜಿಯ ಕೋಣೆಗೆ ಹೋಗಿದ್ದೆ. ಅದೇ ಮುಖ, ಅದೇ "ಏನಿಲ್ಲವಾ." ಎದ್ದು ಅರ್ಧ ಮೆಟ್ಟಿಲು ಇಳಿದವಳಿಗೆ ಪೆನ್ಸಿಲು ಅಲ್ಲೇ ಬಿಟ್ಟದ್ದು ನೆನಪಾಯಿತು. ವಾಪಸು ಹೋದರೆ ಅಜ್ಜಿ ಗೋಡೆಯ ಕಡೆ ತಿರುಗಿ ಬಾಯಿ ಮುಕ್ಕಳಿಸಿ, ಡಬ್ಬಿಯಿಂದ ಬೆಲ್ಲ ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದರು.

"ಅಜ್ಜಿ, ಬೆಲ್ಲ ಯಾಕೆ?"

"ಸುಮ್ನ."

"ಕಾಗದ ಕಹಿ ಇತ್ತಾ?"

"ನೀ ಕೈಯಾರೆ ಕೊಟ್ಟಿದ್ದಕ್ಕ ನಾ ಯಾಕವಾ ಹೆಸರಿಡ್ಲಿ?"

"ಅಯ್ಯೋ ಅಜ್ಜಿ! ಕಹಿ ಇತ್ತೋ ಇಲ್ಲವೋ?"

ಅಜ್ಜಿ ಬೆಲ್ಲವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದರು. "ನೋಡು ತಂಗಿ, ಕಾಶಿಗೆ ಬಂದ ಮ್ಯಾಲ ಎಲ್ಲಾರೂ ಒಂದೊಂದು ಬಿಡ್ತಾರ. ಪಕ್ಕದ ಖೋಲ್ಯಾಕಿ ಬದನಿಕಾಯಿ ಬಿಟ್ಟಾಳ. ಆಚೀ ಕಡೀಯಾಕಿ ಹಾಗಲಕಾಯಿ ಬಿಟ್ಟಾಳ, ಅದನ್ನ ಆಕಿ ಮೊದಲೂ ತಿಂತಿರಲಿಲ್ಲ ಬಿಡು. ನಾ ಬಿಟ್ಟದ್ದೇನು ಗೊತ್ತೇನು? ಉಪ್ಪಿಲ್ಲ, ಹುಳಿ ಭಾಳ ಆತು, ಕಹಿ ಆತು, ಹಿಂಗ ಅನ್ನೋದನ್ನ ಬಿಟ್ಟೀನಿ. ಊರಾಗಿದ್ದಾಗ ನನ್ನ ಬಾಯಿ ಹೆಂಗಿತ್ತು, ನನ್ನ ಸೊಸೀನ್ನ ಕೇಳಬೇಕು ನೀ!"

ನಾನು ಪೆನ್ಸಿಲು ಹಿಡಿದುಕೊಂಡು ಅಲ್ಲೇ ಕೂತುಬಿಟ್ಟೆ. ಅಪ್ಪ ಎಷ್ಟೋ ಸಲ ಬೇರೆ ಪುರೋಹಿತರು ಮಾಡಿಸುವ ಶ್ರಾದ್ಧಗಳಲ್ಲಿ ಊಟಕ್ಕೆ ಕೂತವರು. ಆ ಊಟಕ್ಕೆ ಕೂತವರು ಅಡುಗೆಯ ಗುಣ ದೋಷ ಆಡಬಾರದು, ಬಡಿಸಿದವರು ಕೇಳಿದರೂ ಆಡಬಾರದು. ಗಲ್ಲಿಯ ಪುರೋಹಿತರೆಲ್ಲ ಹಾಗೇ ಉಂಡವರು, ಅವರ ಹೆಂಡಂದಿರೆಲ್ಲ ನೈವೇದ್ಯಕ್ಕೆ ಮುಂಚೆ ರುಚಿ ನೋಡದೆ ಅಡುಗೆ ಮಾಡಿದವರು. ನಮ್ಮ ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆಯಾದರೆ ಯಾರೂ ಮಾತಾಡುತ್ತಿರಲಿಲ್ಲ, ಉಪ್ಪಿನ ಬಟ್ಟಲು ತಾನಾಗಿ ಪಂಕ್ತಿಯಲ್ಲಿ ಚಲಿಸುತ್ತಿತ್ತು. ಹುಟ್ಟಿದಾಗಿನಿಂದ ನೋಡಿದ್ದೆ, ಆದ್ದರಿಂದಲೇ ಕಂಡಿರಲಿಲ್ಲ. ಇಡೀ ಊರಿನಲ್ಲಿ ರುಚಿಯ ಬಗ್ಗೆ ಮಾತಾಡದ ಜನರನ್ನು ಹುಡುಕಿ ಹುಡುಕಿ, ಅವರ ಮುಂದೆ ಕೂತು, ರುಚಿ ಹೇಗಿದೆ ಎಂದು ಕೇಳಿಕೊಂಡು ಬಂದಿದ್ದೆ. ಮಕ್ಕಳಿಗೆ ಆ ಶಿಸ್ತು ಇನ್ನೂ ಹತ್ತಿರಲಿಲ್ಲ, ಅಷ್ಟೇ.

ಪ್ರೊಫೆಸರಿಗೆ ಹೇಳಿದಾಗ ಅವರು ಮೊದಲ ಸಲ ನನ್ನೆದುರು ಜೋರಾಗಿ ನಕ್ಕರು. "ಜೀನು ಇದೆ, ನಾಲಿಗೆ ಇದೆ, ಬಾಯಿ ಇಲ್ಲ! ಹಾಗಾದರೆ ಬಾಯಿ ಬಿಡಿಸದೆ ಉತ್ತರ ತೆಗೆದುಕೊಂಡು ಬಾ." ದಾರಿಯನ್ನೂ ಹೇಳಿದರು. ಎಂಟು ಲೋಟ ಇಡಬೇಕು. ನಾಲ್ಕರಲ್ಲಿ ಬರೀ ನೀರು, ನಾಲ್ಕರಲ್ಲಿ ಆ ರಾಸಾಯನಿಕ ಬೆರೆಸಿದ ಅದೇ ನೀರು, ಹಿರಿಯರಿಗೆ ಸ್ವಲ್ಪ ಗಾಢವಾಗಿ. ನಾಲ್ಕು ನಾಲ್ಕಾಗಿ ಬೇರೆ ಮಾಡಿ ಎನ್ನಬೇಕು. ಅದೃಷ್ಟದಿಂದ ಎಲ್ಲವೂ ಸರಿಬೀಳುವುದು ಎಪ್ಪತ್ತರಲ್ಲಿ ಒಂದು ಸಲ.

ಆದರೆ ಬೇರೆ ಮಾಡಿ ಎಂದರೂ ಅಜ್ಜಿ ಏಕೆ ಮಾಡುತ್ತಾರೆ? ನಲ್ಲಿಯ ನೀರನ್ನು ಅವರು ಮುಟ್ಟುವವರೇ ಅಲ್ಲ. ಮನೆಗೆ ಬರುವಾಗ ವಿಶ್ವನಾಥ ಗಲ್ಲಿಯ ಅಂಗಡಿಯೊಂದರಲ್ಲಿ ಯಾತ್ರಿಕರು ಗಂಗೆ ತುಂಬಿ ಬೆಸುಗೆ ಹಾಕಿಸಿದ ತಾಮ್ರದ ಗಿಂಡಿಗಳನ್ನು ಕೊಳ್ಳುತ್ತಿದ್ದರು. ಊರಿಗೆ ಒಯ್ದು ದೇವರ ಮುಂದಿಟ್ಟು, ಸಾಯುವವರ ಬಾಯಿಗೆ ಬಿಡುವ ನೀರು ಅದು. ಅಲ್ಲೇ ನಿಂತೆ. ಹಿಂದಿನಿಂದ ಯಾರೋ "ಹಟೋ ಬಹೆನ್‌ಜಿ, ಹಟೋ!" ಎಂದು ತಳ್ಳುವವರೆಗೂ ನಿಂತಿದ್ದೆ.

ಮರುದಿನ ಸಂಜೆ ಮಾಳಿಗೆಯ ಮೇಲೆ ಎಂಟು ಸ್ಟೀಲ್ ಲೋಟಗಳನ್ನು ಸಾಲಾಗಿಟ್ಟೆ. ಗುರುತು ತಳದಲ್ಲಿತ್ತು, ಮೇಲಿನಿಂದ ಎಲ್ಲವೂ ಒಂದೇ. ಅಮ್ಮ ಗಂಗೆಯನ್ನು ಕಾಯಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ ಕೊಟ್ಟಿದ್ದಳು. ಲೋಟಕ್ಕೆ ಯಾರೂ ಬಾಯಿ ಹಚ್ಚುವಂತಿಲ್ಲ. ಪೂಜೆಯ ಪುಟ್ಟ ಚಮಚ ಉದ್ಧರಣೆಯಿಂದ ಅಂಗೈಗೆ ಬಿಡುವುದು, ತೀರ್ಥದ ಹಾಗೆ. ಅಜ್ಜಿ ನ್ಯಾಯಾಧೀಶರಂತೆ ಚಾಪೆಯ ಮೇಲೆ ಕೂತರು.

"ಅಜ್ಜಿ, ಇದೆಲ್ಲ ಗಂಗೆ. ಆದರೆ ನಾಲ್ಕು ಲೋಟಕ್ಕೆ ನಾನು ಕೈಯಾಡಿಸಿದ್ದೇನೆ. ಊರಿಗೆ ಹೋಗುವ ಗಿಂಡಿಗೆ ತುಂಬಬಹುದಾದದ್ದು ಯಾವ ನಾಲ್ಕು, ತುಂಬಬಾರದ್ದು ಯಾವ ನಾಲ್ಕು, ನೀವೇ ಹೇಳಬೇಕು."

"ಗಂಗಿಗೆ ಏನ ಬಿದ್ದರೂ ಗಂಗೀನ."

"ಹೌದು. ಆದರೆ ನಿಮ್ಮ ಮಗನಿಗೆ ಕಳಿಸುವ ಗಿಂಡಿಗೆ ನನ್ನ ಔಷಧಿ ಬೆರೆಸಿದ್ದನ್ನು ಹಾಕೋಣವಾ?"

ಅಜ್ಜಿ ನನ್ನನ್ನು ದಿಟ್ಟಿಸಿ ನೋಡಿದರು. ಆಮೇಲೆ ಅಂಗೈ ಚಾಚಿದರು.

ಮೊದಲನೆಯ ಲೋಟ. "ನಡೀತದ." ಎರಡನೆಯದು. ಅಂಗೈಯನ್ನು ಬಾಯಿಯಿಂದ ಸರಕ್ಕನೆ ತೆಗೆದರು. "ಸರಸು ಇದನ್ನ. ಇದರಾಗ ನೀ ಕೈಯಾಡಿಸೀ." ಮೂರನೆಯದು. "ಇದರಾಗೂ! ಎಂಥಾ ಹುಡುಗೀ ನೀ?" ಮುಂದಿನದು ನಡೀತದ, ಅದರ ಮುಂದಿನದೂ ನಡೀತದ. ಹೀಗೆ ಎಂಟೂ ಮುಗಿದವು. ಇಡೀ ಹೊತ್ತು ಕಹಿ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ನಾನು ಲೋಟ ಎತ್ತಿ ತಳ ನೋಡಿದೆ. ನಾಲ್ಕಕ್ಕೆ ನಾಲ್ಕು.

"ನಾ ಪಾಸಾದ್ನೇನು?" ಎಂದರು ಅಜ್ಜಿ.

"ನೀವಲ್ಲ ಅಜ್ಜಿ, ನಾನು."

ಅಷ್ಟರಲ್ಲಿ ಬದನೆಕಾಯಿ ಬಿಟ್ಟವರು, ಹಾಗಲಕಾಯಿ ಬಿಟ್ಟವರು ಎಲ್ಲ ಬಂದು ಸುತ್ತ ಕೂತಿದ್ದರು, ನಾ ಮುಂದು ತಾ ಮುಂದು ಎಂದು ಅಂಗೈ ಚಾಚಿದರು. ಪ್ರತಿ ಸಲವೂ ಲೋಟಗಳ ಸಾಲು ಬದಲಿಸಿದೆ. ಬಹಳ ಜನ ಸರಿಯಾಗಿ ಬೇರೆ ಮಾಡಿದರು. ಕೆಲವರಿಗೆ ನಿಜಕ್ಕೂ ಆಗಲಿಲ್ಲ. ಅಮ್ಮ ಎಂಟನ್ನೂ ತೆಗೆದುಕೊಂಡು, "ಎಲ್ಲಾ ಒಂದೇ ಅಲ್ವೇನೇ? ಎಲ್ಲಾನೂ ತುಂಬಬಹುದು," ಎಂದಳು. ಮತ್ತೊಮ್ಮೆ ಮಾಡಿಸಿದೆ. ಮತ್ತೂ ಅದೇ.

"ಈಕಿ ಕೈಲೆ ಗಿಂಡಿ ತುಂಬಿಸಿದ್ರ ಊರಮಂದಿಗೆಲ್ಲಾ ಔಷಧ ಕುಡಿಸ್ತಾಳ!" ಎಂದರು ಅಜ್ಜಿ. ಮಾಳಿಗೆಯೆಲ್ಲ ನಗು. ಅಮ್ಮನೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಗದ್ದಲ ಕೇಳಿ ಅಪ್ಪ ಮೇಲೆ ಬಂದರು. ಗಿಂಡಿಯ ಮಾತು ಮೆಟ್ಟಿಲವರೆಗೂ ಕೇಳಿತ್ತು, ಏನು ಎತ್ತ ಎಂದು ಕೇಳದೆ ಕೂತು ಅಂಗೈ ಚಾಚಿದರು. ಮಂತ್ರ ಹೇಳುವಷ್ಟೇ ವೇಗವಾಗಿ ಲೋಟಗಳನ್ನು ಎರಡು ಸಾಲು ಮಾಡಿಟ್ಟರು. ಒಂದೂ ತಪ್ಪಿಲ್ಲ.

"ಅಪ್ಪ, ಅವತ್ತು ಏನಿಲ್ಲ ಅಂದ್ರಲ್ಲ?"

"ಅವತ್ತು ನೀನು ರುಚಿ ಕೇಳಿದೆ. ಇವತ್ತು ಶುದ್ಧಿ ಕೇಳಿದೆ," ಎಂದು ಅಪ್ಪ ಎದ್ದು ಪಂಚೆ ಕೊಡವಿಕೊಂಡರು.

ಅಮ್ಮನಲ್ಲಿ ಎರಡೂ ಮೂಕ. ಅಪ್ಪನಿಗೆ ಕಹಿ ತಿಳಿಯುತ್ತದೆ. ನನಗೆ ಬಂದದ್ದು ಅಪ್ಪನಿಂದ. ಮೂಗಿನ ಸಾಕ್ಷಿ ಇನ್ನು ಬೇಕಿರಲಿಲ್ಲ. ಮಾರನೆಯ ದಿನ ಗೆಳತಿಗೆ ಹೇಳಿದರೆ, "ಹೋಗಲಿ ಬಿಡು, ಕೊಡೆ ಚಪ್ಪಲಿಗಳ ಪಟ್ಟಿಯಿಂದ ನಿನ್ನ ಹೆಸರು ತೆಗೆದೆ," ಎಂದಳು. ಆಮೇಲೆ ಲೋಟಗಳ ಚೀಲ ಹೊತ್ತು ಎಲ್ಲ ಮನೆಗಳಿಗೂ ನನ್ನ ಜೊತೆ ಎರಡನೆಯ ಸುತ್ತು ಬಂದವಳು ಅವಳೇ. ಮಕ್ಕಳು ಕಹಿ ಎಂದ ಪ್ರತಿ ಮನೆಯಲ್ಲೂ ತಂದೆಯೋ ತಾಯಿಯೋ, ಇಲ್ಲವೇ ಇಬ್ಬರೂ, ಲೋಟಗಳನ್ನು ಬೇರೆ ಮಾಡಿದರು. ಪ್ರೊಫೆಸರು ಬೆರಳಿಟ್ಟಿದ್ದ ಸಾಲುಗಳೆಲ್ಲ ಒಂದೊಂದಾಗಿ ಸರಿಹೋದವು.

ಪರೀಕ್ಷಕರು ಬಂದ ದಿನ ಲೂ ಜೋರಾಗಿತ್ತು. ಕಿಟಕಿಗೆ ಕಟ್ಟಿದ ಲಾವಂಚದ ತಟ್ಟಿಗೆ ಜವಾನ ನೀರು ಎರಚುತ್ತಿದ್ದ. ಪರೀಕ್ಷಕರು ದೂರದ ಊರಿನ ಹಿರಿಯರು. ನನ್ನ ಪ್ರಬಂಧದಲ್ಲಿದ್ದ ಎರಡು ಪಟ್ಟಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು.

"ಮೊದಲನೆಯದು ತಪ್ಪು ಅಂತ ನೀನೇ ಬರೆದಿದ್ದೀ. ಹರಿದು ಹಾಕಬಹುದಿತ್ತಲ್ಲ?"

"ಅದು ಪೂರ್ತಿ ತಪ್ಪಲ್ಲ ಸರ್. ನಾನು ಕೇಳಿದ ಪ್ರಶ್ನೆಗೆ ಆ ಮನೆಗಳು ಕೊಟ್ಟ ಉತ್ತರ ಅದು. ನಾಲಿಗೆಗಳು ಕೊಟ್ಟ ಉತ್ತರ ಎರಡನೆಯದು."

ಅವರು ತಲೆಯೆತ್ತಿದರು. "ಸರಿ. ಒಂದು ಲಕ್ಷಣ ಮನುಷ್ಯನಲ್ಲಿ ಕಾಣಿಸುತ್ತಿಲ್ಲ. ಏನೇನು ಕಾರಣ ಇರಬಹುದು?"

"ಜೀನಿನ ಎರಡೂ ಪ್ರತಿ ಕೆಟ್ಟಿರಬಹುದು ಸರ್. ಇಲ್ಲವೇ ಪ್ರತಿ ಚೆನ್ನಾಗಿದ್ದೂ ಆ ಕೋಶದಲ್ಲಿ ಪ್ರತಿಲೇಖನ ಆಗದೇ ಇರಬಹುದು, ಕಾಲ್ಬೆರಳಿನ ಹಾಗೆ. ಅಥವಾ ಪ್ರತಿಲೇಖನ ಆಗಿ, ಪ್ರೋಟೀನು ಕಟ್ಟಿ, ಲಕ್ಷಣ ಪೂರ್ತಿ ಇದ್ದೂ, ಆ ಮನುಷ್ಯ ನಮಗೆ ಹೇಳದೇ ಇರಬಹುದು."

"ಈ ಕೊನೆಯದು ಯಾವ ಪುಸ್ತಕದಲ್ಲಿದೆ?"

"ನಮ್ಮ ಗಲ್ಲಿಯಲ್ಲಿದೆ ಸರ್."

ಪ್ರೊಫೆಸರು ನಗು ಮರೆಮಾಡಲು ಕಿಟಕಿಯ ಕಡೆ ತಿರುಗಿಕೊಂಡರು. ಪರೀಕ್ಷಕರು ಬಿಡಲಿಲ್ಲ. ಸೋದರಮಾವಂದಿರ ವಿಷಯವೇನು ಎಂದರು. ಹೊಸ ಪಟ್ಟಿಯಲ್ಲಿ ಕಹಿ ತಿಳಿಯದವರು ಬೇರೆ ಜನರಲ್ಲಿ ಇರುವಷ್ಟೇ ಕಾಣುತ್ತಾರೆ, ಇಷ್ಟು ಕಡಿಮೆ ಮನೆಗಳಿಂದ ನೆಂಟಸ್ತಿಕೆಯ ಪರಿಣಾಮ ಇದೆ ಎಂದೂ ಇಲ್ಲ ಎಂದೂ ಹೇಳಲಾರೆ ಎಂದೆ. ಕರಡಿನಲ್ಲಿದ್ದ ಆ ಉದ್ದ ವಾಕ್ಯಗಳನ್ನು ಹೀಗೆ ಒಂದೇ ಉಸಿರಿಗೆ ಬಿಟ್ಟುಕೊಟ್ಟೆ. ಹಗುರಾಯಿತು.

"ಲೋಟಗಳನ್ನು ತಂದಿದ್ದೀಯಾ?"

ತಂದಿದ್ದೆ. ಪರೀಕ್ಷಕರು ಎಂಟನ್ನೂ ಗುಟುಕರಿಸಿದರು, ಮತ್ತೆ ಮೊದಲಿನಿಂದ ಗುಟುಕರಿಸಿದರು, ಕೊನೆಗೆ ಸಿಟ್ಟಾದರು. "ತಮಾಷೆ ಮಾಡುತ್ತಿದ್ದೀಯಾ? ಎಲ್ಲದರಲ್ಲೂ ಬರೀ ನೀರು!"

ಪ್ರೊಫೆಸರು ಬಂದು ಒಂದು ಲೋಟ ಎತ್ತಿ ಕುಡಿದು, ಲಾವಂಚದ ತಟ್ಟಿಯ ಹತ್ತಿರ ಓಡಿ ಉಗುಳಿದರು. ಪರೀಕ್ಷಕರು ಅವರನ್ನೇ ನೋಡಿದರು, ಲೋಟ ನೋಡಿದರು, ಆಮೇಲೆ ಕುರ್ಚಿಯೇ ಅಲುಗಾಡುವಂತೆ ನಕ್ಕರು. "ಮದುವೆಯಾದಾಗಿನಿಂದ ನನ್ನ ಹೆಂಡತಿ ಹೇಳುತ್ತಿದ್ದಾಳೆ, ನಿಮಗೆ ರುಚಿ ತಿಳಿಯೋದಿಲ್ಲ ಅಂತ. ಈಗ ವಿಜ್ಞಾನವೂ ಅವಳ ಕಡೆ ಸೇರಿತು."

"ಇದೊಂದು ಕಹಿ ಮಾತ್ರ ಸರ್. ಉಳಿದ ಅಡುಗೆಗೆ ಈ ಜೀನು ಜವಾಬ್ದಾರಿಯಲ್ಲ," ಎಂದೆ.

"ಅದನ್ನು ಬರೆದುಕೊಡು," ಎಂದರು. ಹೊರಗೆ ಬರುವಾಗ ಪ್ರೊಫೆಸರು ನನಗೆ ಹೇಳಿದ್ದು ಒಂದೇ ಮಾತು, ಪ್ರಯೋಗಾಲಯದ ಮೂಲೆಯ ಮೇಜಿನ ಸೀಸೆಗಳನ್ನು ತೆರವು ಮಾಡಿಸುತ್ತೇನೆ, ಸೋಮವಾರ ಬಂದು ಕೂತುಕೋ. ಸೋಮವಾರವೇ ಎಂದರೋ ಬೇರೆ ದಿನವೋ, ಅದಕ್ಕೆ ಸಾಕ್ಷಿಯಿಲ್ಲ. ಮೂಲೆಯ ಮೇಜಂತೂ ನಿಜ. ಆಮೇಲೆ ಎಷ್ಟೋ ವರ್ಷ ನಾನು ಅಲ್ಲೇ ಕೂತೆ.

ಮನೆಗೆ ಓಡಿ ಬಂದಾಗ ಬಾಗಿಲಲ್ಲೇ ಅಜ್ಜಿ ನಿಂತಿದ್ದರು. "ಸಿಕ್ತೇನು ಜಾಗಾ?" ಸಿಕ್ಕಿತು ಎಂದೆ. "ಸಿಗದೇನು. ಎಂಟಕ್ಕೆಂಟು ನಾ ಹೇಳಿಕೊಟ್ಟೀನಿ," ಎಂದು ಮಹಡಿಗೆಲ್ಲ ಕೇಳುವಂತೆ ಸಾರಿದರು.

ಅಮ್ಮ ಶ್ಯಾವಿಗೆ ಪಾಯಸ ಮಾಡಿದಳು. ಅಪ್ಪ ಎಂದಿನಂತೆ ಮಾತಿಲ್ಲದೆ ಉಂಡರು. ಧೈರ್ಯ ಬಂದಿತ್ತು, ಕೇಳಿಯೇಬಿಟ್ಟೆ. "ಅಪ್ಪ, ಪಾಯಸ ಹೇಗಿದೆ?"

ಚೆನ್ನಾಗಿದೆ ಎಂದು ಅಪ್ಪ ಅವತ್ತು ಬಾಯಿಬಿಟ್ಟು ಹೇಳಿದರು ಎಂದು ನಾನು ಬಹಳ ಕಾಲ ನಂಬಿದ್ದೆ, ಎಷ್ಟೋ ಜನರಿಗೆ ಹೇಳಿಯೂ ಇದ್ದೆ. ಹಾಗೆ ಹೇಳಲೇ ಇಲ್ಲ ಎನ್ನುತ್ತಾಳೆ ಅಮ್ಮ. ಅವಳು ಎದುರಿಗೇ ನಿಂತು ಬಡಿಸುತ್ತಿದ್ದವಳು. ಅಪ್ಪ ನನ್ನ ಮುಖ ನೋಡಿದರಂತೆ. ಒಂದು ಸಲ ಹುಬ್ಬೇರಿಸಿದರಂತೆ. ಆಮೇಲೆ ಖಾಲಿ ಬಟ್ಟಲನ್ನು ಅವಳ ಕಡೆ ಸರಿಸಿದರಂತೆ, ಅದು ತುಂಬಿ ಖಾಲಿಯಾದ ಮೇಲೆ ಮತ್ತೊಮ್ಮೆ ಸರಿಸಿದರಂತೆ.

ಅಮ್ಮನ ಮಾತನ್ನೇ ಇಲ್ಲಿ ಉಳಿಸಿಕೊಳ್ಳುತ್ತೇನೆ.